ಒಂದಿಂಚು ದಪ್ಪದ ಪುಸ್ತಕಗಳು

ಡಿಸೆಂಬರ್ ಮೂರನೇ ವಾರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ವರ್ಷವಿಡೀ ಯಾವ ಪುಸ್ತಕ ಚೆನ್ನಾಗಿದೆ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವವರು ಆಗ ಲೆಕ್ಕದ ಪ್ರಶ್ನೆಗಳಿಗೆ ಇಳಿಯುತ್ತಾರೆ. ವಾರಕ್ಕೊಂದರಂತೆ ವರ್ಷಕ್ಕೆ 52 ಓದಲು ಆಗುತ್ತದೆಯೇ? ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದ ಕಾದಂಬರಿ ಲೆಕ್ಕಕ್ಕೆ ಬರುತ್ತದೆಯೇ? ಹೋದ ವರ್ಷ ಓದಿದ್ದನ್ನೇ ಮತ್ತೆ ಓದಿದರೆ? ಅರ್ಧಕ್ಕೆ ಕೈಬಿಟ್ಟದ್ದನ್ನು ಅರ್ಧ ಎಂದು ಬರೆದುಕೊಳ್ಳಬಹುದೇ? ಒಬ್ಬರಂತೂ ಪಂಚಾಂಗ ಪುಸ್ತಕವೋ ಅಲ್ಲವೋ ಎಂದು ಕೇಳಿದ್ದರು. ತಮಾಷೆಗಿರಬೇಕು ಎಂದು ಅಂಕಣಕಾರ್ತಿ ಉತ್ತರಿಸದೆ ಸುಮ್ಮನಿದ್ದದ್ದುಂಟು.

ಇವೆಲ್ಲದರ ಹಿಂದೆ ಇರುವುದು ರೀಡಿಂಗ್ ಚಾಲೆಂಜ್ ಎಂಬ ಹೊಸ ಕಾಲದ ಸಂಕಲ್ಪ. ಈ ವರ್ಷ ಇಷ್ಟು ಪುಸ್ತಕ ಓದುತ್ತೇನೆಂದು ನಾಲ್ಕು ಜನರೆದುರು ಹೇಳಿಕೊಂಡು, ಓದಿದ್ದನ್ನು ಒಂದೊಂದಾಗಿ ಗುರುತು ಹಾಕುತ್ತ ಹೋಗುವುದು. ಮೊದಲೂ ಜನ ಡೈರಿಯ ಕೊನೆಯ ಪುಟದಲ್ಲಿ ಓದಿದ ಪುಸ್ತಕಗಳ ಪಟ್ಟಿ ಬರೆದಿಡುತ್ತಿದ್ದರು. ಆದರೆ ಆ ಪಟ್ಟಿಯನ್ನು ಬೇರೆಯವರು ನೋಡುತ್ತಿರಲಿಲ್ಲ, ಮುಖ್ಯವಾಗಿ ಅದು ಬರೆದವರನ್ನು ಗದರುತ್ತಿರಲಿಲ್ಲ. ಗದರುವ ಪಟ್ಟಿ ಬಂದದ್ದು ಗುಡ್‌ರೀಡ್ಸ್‌ನಿಂದ. ಅಮೆರಿಕದ ಓಟಿಸ್ ಚಾಂಡ್ಲರ್ ಮತ್ತು ಎಲಿಜಬೆತ್ ಖೂರಿ ಚಾಂಡ್ಲರ್ ದಂಪತಿ 2007ರಲ್ಲಿ ಓದುಗರ ಮುಂದಿಟ್ಟ ಈ ತಾಣವನ್ನು 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಅದಕ್ಕೂ ಎರಡು ವರ್ಷ ಮೊದಲೇ, 2011ರಲ್ಲಿ, ವಾರ್ಷಿಕ ಓದಿನ ಪಣ ಅಲ್ಲಿ ಶುರುವಾಗಿತ್ತು. ಕೆಲಸ ಸರಳ. ಜನವರಿಯಲ್ಲಿ ಒಂದು ಸಂಖ್ಯೆ ಒತ್ತಬೇಕು. ಪುಸ್ತಕ ಮುಗಿದಂತೆ ಒಂದು ಪಟ್ಟಿ ತುಂಬುತ್ತ ಬರುತ್ತದೆ. ತಡವಾದರೆ 'ನೀವು ಎರಡು ಪುಸ್ತಕ ಹಿಂದಿದ್ದೀರಿ' ಎಂದು ಬರುತ್ತದೆ. ಸಾಲದ ಕಂತು ತಪ್ಪಿದ ಮೇಲೆ ಬ್ಯಾಂಕಿನಿಂದ ಬರುವ ಸಂದೇಶಕ್ಕೂ ಇದಕ್ಕೂ ಧ್ವನಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಂದು ಸಮಾಧಾನವೆಂದರೆ, ಹಾಕಿಕೊಂಡ ಸಂಖ್ಯೆಯನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದು. ನವೆಂಬರ್‌ನಲ್ಲಿ ಐವತ್ತನ್ನು ಇಪ್ಪತ್ತು ಮಾಡಿಕೊಂಡು ಡಿಸೆಂಬರ್‌ನಲ್ಲಿ ಅಭಿನಂದನೆ ಸ್ವೀಕರಿಸುವವರು ಅಂಕಣಕಾರ್ತಿಯ ಪರಿಚಯದವರಲ್ಲೇ ಇದ್ದಾರೆ.

2015ರಲ್ಲಿ ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ಎರಡು ವಾರಕ್ಕೊಂದು ಪುಸ್ತಕ ಓದುವುದಾಗಿ ಘೋಷಿಸಿದಾಗ ಈ ಹವ್ಯಾಸಕ್ಕೆ ದೊಡ್ಡ ಪ್ರಚಾರ ಸಿಕ್ಕಿತು. ಅವರು ಮೊದಲಿಗೆ ಆರಿಸಿದ್ದು ಮೊಯ್ಸೆಸ್ ನಯೀಮ್ ಎಂಬವರು ಅಧಿಕಾರದ ಕುಸಿತದ ಬಗ್ಗೆ ಬರೆದ ಗಂಭೀರ ಪುಸ್ತಕ. ಅಂಥ ಪುಸ್ತಕಕ್ಕೆ ಒಮ್ಮೆಲೇ ಬೇಡಿಕೆ ಏರಿ ಪ್ರತಿಗಳ ಅಭಾವವೇ ಆಯಿತು.

ಆದರೆ ಪುಸ್ತಕ ಎಣಿಸುವ ಪಣದ ಒಳಗುಟ್ಟು ತಿಳಿಯಬೇಕಾದರೆ ನೀನಾ ಸಾಂಕೊವಿಚ್ ಅವರ ಕಥೆ ನೋಡಬೇಕು. ಅಮೆರಿಕದ ಈ ವಕೀಲೆಯ ಅಕ್ಕ 46ರ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ದುಃಖದಿಂದ ತಪ್ಪಿಸಿಕೊಳ್ಳಲು ಮೂರು ವರ್ಷ ಓಡಾಡಿ ದಣಿದ ನೀನಾ, ತಮಗೂ 46 ತುಂಬಿದ ದಿನ, 2008ರ ಅಕ್ಟೋಬರ್ 28ರಂದು, ಒಂದು ವರ್ಷ ದಿನಕ್ಕೊಂದು ಪುಸ್ತಕ ಓದುತ್ತೇನೆಂದು ಕುಳಿತರು. ಮನೆಯಲ್ಲಿ ನಾಲ್ವರು ಗಂಡುಮಕ್ಕಳು, ಅವರ ಊಟ, ಬಟ್ಟೆ, ಶಾಲೆ. ಅದರ ನಡುವೆ ಕೂರಲು ಒಂದು ನೇರಳೆ ಬಣ್ಣದ ಹಳೆಯ ಕುರ್ಚಿ. ಒಬ್ಬ ಲೇಖಕರದು ಒಂದೇ ಪುಸ್ತಕ, ಮೊದಲು ಓದಿದ್ದನ್ನು ಮತ್ತೆ ಓದುವಂತಿಲ್ಲ, ಓದಿದ್ದರ ಬಗ್ಗೆ ಮರುದಿನವೇ ಬರೆಯಬೇಕು ಎಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಪುಸ್ತಕದ ದಪ್ಪಕ್ಕೂ ಒಂದು ಮಿತಿ ಇಟ್ಟರು: ಸುಮಾರು ಒಂದಿಂಚು. ಅದಕ್ಕಿಂತ ದಪ್ಪನೆಯದು ಒಂದೇ ದಿನಕ್ಕೆ ಮುಗಿಯುವುದಿಲ್ಲವಲ್ಲ! ಆ ವರ್ಷದ ಬಗ್ಗೆ ಅವರು 2011ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಟಾಲ್‌ಸ್ಟಾಯ್ ಇದ್ದಾರೆ. ಆದರೆ ಆ ವರ್ಷ ಅವರು ಓದಲು ಸಾಧ್ಯವಿದ್ದದ್ದು ಟಾಲ್‌ಸ್ಟಾಯ್‌ ಅವರ ಚಿಕ್ಕ ಕೃತಿಯನ್ನು ಮಾತ್ರ. 'ಯುದ್ಧ ಮತ್ತು ಶಾಂತಿ'ಗೆ ಒಂದಿಂಚಿನ ಕಟ್ಟಳೆಯಲ್ಲಿ ಜಾಗವಿಲ್ಲ.

ನೀನಾ ಅವರಿಗೆ ಇದ್ದ ಕಾರಣ ದೊಡ್ಡದು, ಆ ಮಿತಿ ಅವರಿಗೆ ಒಪ್ಪುತ್ತಿತ್ತು. ಉಳಿದವರಲ್ಲಿ ಹೆಚ್ಚಿನವರು ಅಳತೆಪಟ್ಟಿ ಹಿಡಿಯದಿದ್ದರೂ ಗೊತ್ತಿಲ್ಲದೆಯೇ ಅದೇ ಮಿತಿಯನ್ನು ಪಾಲಿಸುತ್ತಾರೆ. ಎಣಿಸುವುದು ಪುಸ್ತಕವನ್ನಾದರೆ ಕೈ ತಾನಾಗಿ ತೆಳುವಾದದ್ದರ ಕಡೆಗೆ ಹೋಗುತ್ತದೆ. ಕನ್ನಡದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ನಮ್ಮಲ್ಲಿ ತೆಳುವಾದ ಒಳ್ಳೆಯ ಪುಸ್ತಕಗಳಿಗೆ ಬರವಿಲ್ಲ. 'ಕರ್ವಾಲೊ', 'ಸಂಸ್ಕಾರ', 'ಒಡಲಾಳ', 'ಚೋಮನ ದುಡಿ', 'ಫಣಿಯಮ್ಮ' ಯಾವುದನ್ನೂ ಒಂದು ಭಾನುವಾರದಲ್ಲಿ ಮುಗಿಸಬಹುದು. ಅವನ್ನು ಓದಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಏಳುನೂರು ಪುಟ ದಾಟುವ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪಟ್ಟಿಯಲ್ಲಿ ಒಂದು, 'ಒಡಲಾಳ'ವೂ ಒಂದು. ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ' ಸಾವಿರ ಪುಟ ಮೀರುತ್ತದೆ, 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂದಿದೆ. ಅದನ್ನು ಕೈಗೆತ್ತಿಕೊಂಡವರು ಎರಡು ತಿಂಗಳು 'ಹಿಂದಿದ್ದೀರಿ' ಎಂದು ಅನ್ನಿಸಿಕೊಳ್ಳಬೇಕು. ಅಂಕಣಕಾರ್ತಿಯ ಪರಿಚಯದ ಬ್ಯಾಂಕ್ ನೌಕರರೊಬ್ಬರು ಐದು ವರ್ಷದಿಂದ ಸತತವಾಗಿ ಪಣ ಗೆಲ್ಲುತ್ತ ಬಂದವರು. ಅವರ ಕಪಾಟಿನಲ್ಲಿ ಕುವೆಂಪು ಅವರ ಎರಡೂ ಕಾದಂಬರಿಗಳು ಪ್ಲಾಸ್ಟಿಕ್ ಹೊದಿಕೆ ಸಮೇತ ಇವೆ. ನಿವೃತ್ತಿಯಾದ ಮೇಲೆ ಓದುತ್ತಾರಂತೆ.

ಹಾಗಾದರೆ ಪಣವೇ ಬೇಡವೇ? ಓದನ್ನು ಎಣಿಸುವವರನ್ನು ಕಂಡರೆ ಮೂಗು ಮುರಿಯುವ ಸಾಹಿತ್ಯಪ್ರಿಯರು ಬೇಡ ಎಂದೇ ಹೇಳುತ್ತಾರೆ. ಅಂಕಣಕಾರ್ತಿಗೆ ಅದು ಒಪ್ಪಿಗೆಯಿಲ್ಲ. ಕಾಲ ಗೊತ್ತುಮಾಡಿಕೊಂಡು, ಇಷ್ಟು ದಿನಕ್ಕೆ ಇಷ್ಟು ಎಂದು ಹಂಚಿಕೊಂಡು ಓದುವುದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಾಳಿಯಲ್ಲ. ಭಾಗವತ ಸಪ್ತಾಹ ಏಳು ದಿನಕ್ಕೆ ಮುಗಿಯಲೇಬೇಕು. ಕುರ್‌ಆನ್‌ಗೆ ಮೂವತ್ತು ಭಾಗಗಳಿವೆ, ರಂಜಾನ್ ತಿಂಗಳಲ್ಲಿ ದಿನಕ್ಕೊಂದು ಭಾಗ ಓದಿದರೆ ಹಬ್ಬದ ಹೊತ್ತಿಗೆ ಪೂರ್ತಿಯಾಗುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಮಾಸವಿಡೀ ಮಠದಲ್ಲಿ ಪುರಾಣ ನಡೆಯುತ್ತದೆ, ಕೊನೆಯ ದಿನ ಮಂಗಲ. ಮಳೆ ಬಾರದ ವರ್ಷ ಊರವರು ಸೇರಿ ಕುಮಾರವ್ಯಾಸ ಭಾರತದ ವಿರಾಟಪರ್ವ ಓದಿಸುವ ರೂಢಿ ಹಳೆಯದು. ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕಂಬಕ್ಕೊರಗಿ ಕೇಳುತ್ತಾರೆ. ಕೇಳಿದ್ದು ಓದಿದ್ದರ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ಆ ಜಗಲಿಯಲ್ಲಿ ಕೂತವರು ಏನೆನ್ನುತ್ತಿದ್ದರೋ!

ಬೇರೆ ನಾಡುಗಳಲ್ಲೂ ಹೀಗೆಯೇ. ಸ್ಕಾಟ್ಲೆಂಡಿನ ಡಂಡೀ ಊರಿನ ತರುಣ ಪಾದ್ರಿ ರಾಬರ್ಟ್ ಮರ್ರೆ ಮ್ಯಾಕ್‌ಷೇನ್ 1842ರಲ್ಲಿ ತನ್ನ ಸಭೆಯವರಿಗೆಂದು ಒಂದು ಓದಿನ ಪಟ್ಟಿ ಮಾಡಿದ. ದಿನಕ್ಕೆ ನಾಲ್ಕು ಅಧ್ಯಾಯದಂತೆ ಓದಿದರೆ ವರ್ಷದಲ್ಲಿ ಬೈಬಲ್‌ನ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡೆರಡು ಸಲ ಮುಗಿಯುತ್ತವೆ. ಮರುವರ್ಷ ಮ್ಯಾಕ್‌ಷೇನ್ ತೀರಿಕೊಂಡ, ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಆ ಪಟ್ಟಿಯನ್ನು ಜನ ಇಂದಿಗೂ ಬಳಸುತ್ತಾರೆ. ಯಹೂದಿಗಳದು ಇನ್ನೂ ದೊಡ್ಡ ಲೆಕ್ಕ. 1923ರಲ್ಲಿ ರಬ್ಬಿ ಮೇಯರ್ ಶಪೀರೊ ಸೂಚಿಸಿದ ಪ್ರಕಾರ ಪ್ರಪಂಚದಾದ್ಯಂತ ಇರುವ ಓದುಗರು ಒಂದೇ ದಿನ ತಮ್ಮ ಧರ್ಮಗ್ರಂಥ ತಾಲ್ಮುದ್‌ನ ಒಂದೇ ಹಾಳೆ ಓದುತ್ತಾರೆ. ಒಟ್ಟು 2,711 ಹಾಳೆ. ದಿನಕ್ಕೊಂದರಂತೆ ಮುಗಿಯಲು ಸುಮಾರು ಏಳೂವರೆ ವರ್ಷ ಬೇಕು, ಮುಗಿದ ಮರುದಿನವೇ ಮತ್ತೆ ಮೊದಲ ಹಾಳೆಯಿಂದ ಶುರು. ಈಗ ನಡೆಯುತ್ತಿರುವ ಸುತ್ತು 2020ರ ಜನವರಿಯಲ್ಲಿ ಆರಂಭವಾದದ್ದು.

ಇವುಗಳಲ್ಲಿ ಯಾವುದರಲ್ಲೂ ಎಷ್ಟು ಪುಸ್ತಕ ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಪುಸ್ತಕ ಮೊದಲೇ ಗೊತ್ತಾಗಿದೆ, ಅದು ದೊಡ್ಡದು ಎಂಬುದೂ ಗೊತ್ತಿದೆ. ಅದನ್ನು ದಿನದ ತುತ್ತುಗಳಾಗಿ ಹಂಚುವುದಷ್ಟೇ ಕೆಲಸ. ಈ ಬುದ್ಧಿಯನ್ನು ಸಾಹಿತ್ಯದ ಓದಿಗೂ ತರಬಹುದೆಂಬುದು ಅಂಕಣಕಾರ್ತಿಯ ಅಭಿಪ್ರಾಯ. ದಿನಕ್ಕೆ ಇಪ್ಪತ್ತು ಪುಟ ಎಂದಿಟ್ಟುಕೊಳ್ಳಿ. ರಾತ್ರಿ ಮಲಗುವ ಮೊದಲು ಅರ್ಧ ಮುಕ್ಕಾಲು ಗಂಟೆಯ ಕೆಲಸ. ವರ್ಷಕ್ಕೆ 7,300 ಪುಟವಾಯಿತು. ಅದರಲ್ಲಿ 'ಮಲೆಗಳಲ್ಲಿ ಮದುಮಗಳು' ಮತ್ತು 'ಸ್ವಾತಂತ್ರ್ಯದ ಓಟ' ಎರಡನ್ನೂ ಸಾವಧಾನವಾಗಿ ಮುಗಿಸಿದರೂ ನೂರೈವತ್ತು ಪುಟದ ಮೂವತ್ತೈದು ಪುಸ್ತಕಗಳಿಗೆ ಜಾಗ ಉಳಿಯುತ್ತದೆ. ಪುಟ ಎಣಿಸುವವರಿಗೆ ದಪ್ಪ ಪುಸ್ತಕದ ಭಯವಿಲ್ಲ. ಡೊಳ್ಳು ಹೊಟ್ಟೆಯ ಕಾದಂಬರಿಯೂ ದಿನಕ್ಕೆ ಇಪ್ಪತ್ತೇ ಪುಟ ಕೇಳುತ್ತದೆ.

ಹಾಗೆಂದು ಪುಟದ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರಲ್ಲಿ ಬಂದಾಗ ಕೈಯಲ್ಲಿ ಹಿಡಿದವರಿಗೆ ಅದು ಪುಟ್ಟ ಪುಸ್ತಕ. ತೆರೆದರೆ ಎರಡು ಪುಟಕ್ಕೇ ಅರ್ಧ ಗಂಟೆ. ನಂಜನಗೂಡಿನ ಸೀಮೆಯ ಆಡುಮಾತನ್ನು ಕಿವಿಯಿಂದ ಕೇಳಿದ ಹಾಗೆಯೇ ಬರೆದದ್ದು, ಕಣ್ಣಿಗಿಂತ ಬಾಯಿಗೆ ಬೇಗ ಒಲಿಯುವಂಥದ್ದು. ಎಲ್. ಬಸವರಾಜು ಅವರಂಥ ಹಳಗನ್ನಡ ವಿದ್ವಾಂಸರು ಇಡೀ ಕಾದಂಬರಿಯನ್ನು ಸಾಲು ಒಡೆದು ಪದ್ಯದಂತೆ ಜೋಡಿಸಿ ಬೇರೊಂದು ಆವೃತ್ತಿಯನ್ನೇ ತಂದರು. ಅದನ್ನು ಹಿಡಿದು ಗಟ್ಟಿಯಾಗಿ ಓದಿದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಸಾಲೇ ಹೇಳಿಕೊಡುತ್ತದೆ. ಡಿಸೆಂಬರ್ 29ಕ್ಕೆ ಎರಡು ಪುಸ್ತಕ ಬಾಕಿಯಿದೆ, ತೆಳುವಾಗಿದೆ ಎಂದು 'ಕುಸುಮಬಾಲೆ'ಯನ್ನು ಎತ್ತಿಕೊಳ್ಳುವವರಿಗೆ ಮೊದಲೇ ಎಚ್ಚರಿಕೆ ಹೇಳುವುದು ಒಳ್ಳೆಯದು.

ಸಂಖ್ಯೆಯ ಪಣಗಳ ಪಕ್ಕದಲ್ಲೇ ಇನ್ನೊಂದು ಬಗೆಯ ಪಣವಿದೆ, ಅದು ಸ್ವಲ್ಪ ಕಿತಾಪತಿಯದು. ಬುಕ್ ರಾಯಟ್ ಎಂಬ ಅಮೆರಿಕದ ಸಂಸ್ಥೆ 2015ರಲ್ಲಿ 'ರೀಡ್ ಹಾರ್ಡರ್' ಎಂಬ ಹೆಸರಿನಲ್ಲಿ 24 ಕೆಲಸಗಳ ಪಟ್ಟಿ ಬಿಡುಗಡೆ ಮಾಡಿತು. ತಿಂಗಳಿಗೆ ಎರಡು. ಇಷ್ಟು ಓದಿ ಎಂದಲ್ಲ, ಇಂಥದ್ದನ್ನು ಓದಿ ಎಂದು. ಲೇಖಕರು ಇಪ್ಪತ್ತೈದು ತುಂಬುವ ಮೊದಲೇ ಬರೆದದ್ದು ಒಂದು, ಅರವತ್ತೈದು ದಾಟಿದ ಮೇಲೆ ಬರೆದದ್ದು ಒಂದು. 1850ಕ್ಕೆ ಮೊದಲು ಬಂದದ್ದು. ಹಳೆಯ ಕಥೆಯೊಂದನ್ನು ಮತ್ತೆ ಹೇಳಿದ್ದು. ಬೇರೆ ಭಾಷೆಯಿಂದ ಬಂದದ್ದು. ಒಂದು ಕವನ ಸಂಕಲನ. ಓದುತ್ತಿದ್ದೇನೆಂದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದೂ ಒಂದು!

ಆ ಪಟ್ಟಿಯನ್ನು ಕನ್ನಡದ ಕಪಾಟಿನ ಮುಂದೆ ಹಿಡಿದು ನೋಡಿದರೆ ಮಜಾ ಬರುತ್ತದೆ. ಇಪ್ಪತ್ತೈದರೊಳಗೆ ಎಂದರೆ ಅನಂತಮೂರ್ತಿಯವರ 'ಎಂದೆಂದೂ ಮುಗಿಯದ ಕತೆ'. 1955ರಲ್ಲಿ ಆ ಸಂಕಲನ ಬಂದಾಗ ಅವರಿಗಿನ್ನೂ 22. 'ಸಂಸ್ಕಾರ'ಕ್ಕೆ ಇನ್ನೂ ಹತ್ತು ವರ್ಷವಿತ್ತು. ಅರವತ್ತೈದು ದಾಟಿದ್ದಕ್ಕೆ ಭೈರಪ್ಪನವರ 'ಉತ್ತರಕಾಂಡ' ಇದೆ, 2017ರಲ್ಲಿ ಅದು ಪ್ರಕಟವಾದಾಗ ಅವರು ಎಂಬತ್ತನ್ನೂ ದಾಟಿದ್ದರು. ಹಳೆಯ ಕಥೆಯ ಹೊಸ ಹೇಳಿಕೆಗೆ ಅವರದೇ 'ಪರ್ವ'. ಅನುವಾದವೆಂದರೆ ತೇಜಸ್ವಿಯವರ 'ಮಹಾಪಲಾಯನ' ಬಹಳ ಜನಕ್ಕೆ ನೆನಪಾಗುತ್ತದೆ. ನಾಚಿಕೆಯ ವಿಭಾಗಕ್ಕೆ ಯಂಡಮೂರಿಯವರ 'ತುಳಸಿದಳ' ಎಂದು ಹೆಚ್ಚಿನವರು ಪಿಸುಗುಟ್ಟುತ್ತಾರೆ. ಒಂದು ಕಾಲದಲ್ಲಿ ಕನ್ನಡದ ಮನೆಮನೆಯವರನ್ನು ರಾತ್ರಿ ದೀಪ ಆರಿಸದಂತೆ ಹೆದರಿಸಿದ ಪುಸ್ತಕಕ್ಕೆ ನಾಚುವುದೇಕೋ ಅಂಕಣಕಾರ್ತಿಗೆ ತಿಳಿಯದು.

ತೊಡಕಾಗುವುದು 1850ಕ್ಕೆ ಮೊದಲು ಎಂಬಲ್ಲಿ. ಹಳಗನ್ನಡ, ನಡುಗನ್ನಡ ಎಂದೊಡನೆ ಪಿಯುಸಿ ಪಠ್ಯ ನೆನಪಾಗಿ ಜನ ಹಿಂದೆ ಸರಿಯುತ್ತಾರೆ. ಪಂಪ, ರನ್ನರಿಗೆ ಕೈಹಾಕುವ ಧೈರ್ಯವಿಲ್ಲದವರಿಗೆ ಒಂದು ಪಕ್ಕದ ಬಾಗಿಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಕೆಂಪುನಾರಾಯಣ 1823ರಲ್ಲಿ ಬರೆದ 'ಮುದ್ರಾಮಂಜೂಷ'. ಚಾಣಕ್ಯ, ಅಮಾತ್ಯ ರಾಕ್ಷಸ, ಚಂದ್ರಗುಪ್ತರ ರಾಜಕಾರಣದ ಕಥೆ, ಅದೂ ಗದ್ಯದಲ್ಲಿ. ವಾಕ್ಯಗಳು ಉದ್ದ, ಸಂಸ್ಕೃತದ ಭಾರವಿದೆ, ಮೊದಲ ಇಪ್ಪತ್ತು ಪುಟ ತಾಳ್ಮೆ ಬೇಡುತ್ತದೆ. ಆಮೇಲೆ ಒಳಸಂಚು, ಗೂಢಚಾರರು, ಮುದ್ರೆಯುಂಗುರ ಎಲ್ಲ ಒಂದರ ಹಿಂದೊಂದು ಬರುತ್ತವೆ. ಸಾಹಿತ್ಯ ಚರಿತ್ರೆಯ ಪರೀಕ್ಷೆಗೆ ಹೆಸರು ಬಾಯಿಪಾಠ ಮಾಡಿದವರು ಸಾವಿರಾರು, ಪುಸ್ತಕ ತೆರೆದವರು ಎಷ್ಟೋ! ಇಂಥದ್ದೊಂದನ್ನು ಕೈಗೆ ಕೊಡಿಸುವ ಪಣವನ್ನು ಅಂಕಣಕಾರ್ತಿ ಯಾವ ಸಂಕೋಚವೂ ಇಲ್ಲದೆ ಹೊಗಳುತ್ತಾಳೆ. ಐವತ್ತೆರಡು ಎಂಬ ಅಂಕಿ ಯಾರನ್ನೂ ಕೆಂಪುನಾರಾಯಣನ ಬಳಿಗೆ ಕರೆದೊಯ್ಯುವುದಿಲ್ಲ.

ಈ ಬಗೆಯ ಪಣವನ್ನು ಅತಿ ದೂರಕ್ಕೆ ಒಯ್ದವರು ಲಂಡನ್ನಿನ ಆ್ಯನ್ ಮಾರ್ಗನ್. ತಮ್ಮ ಕಪಾಟಿನಲ್ಲಿ ಬಹುಪಾಲು ಬ್ರಿಟಿಷ್ ಮತ್ತು ಅಮೆರಿಕನ್ ಲೇಖಕರೇ ಇದ್ದಾರೆಂದು ಅರಿವಾಗಿ, ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲಿ, ಪ್ರಪಂಚದ ಪ್ರತಿ ದೇಶದಿಂದ ಒಂದೊಂದು ಪುಸ್ತಕ ಓದಲು ಹೊರಟರು. ಒಟ್ಟು 197. ಆ ವರ್ಷ ಅಧಿಕ ದಿನವಿದ್ದೂ ಒಂದು ಪುಸ್ತಕಕ್ಕೆ ಎರಡು ದಿನ ಸಿಗಲಿಲ್ಲ. ಆದರೆ ಅವರಿಗೆ ಓದಿಗಿಂತ ಕಷ್ಟವಾದದ್ದು ಪುಸ್ತಕ ಸಿಗುವುದು. ಆಫ್ರಿಕಾದ ಪಶ್ಚಿಮ ತೀರದ ಪುಟ್ಟ ದ್ವೀಪದೇಶ ಸಾವ್ ಟೊಮೆ ಮತ್ತು ಪ್ರಿನ್ಸಿಪೆಯಿಂದ ಇಂಗ್ಲಿಷಿಗೆ ಬಂದ ಕೃತಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಪೋರ್ಚುಗೀಸ್ ಬಲ್ಲ ಅಪರಿಚಿತರು ಕೆಲವರು ಸೇರಿ, ಓಲಿಂಡಾ ಬೇಜಾ ಎಂಬ ಲೇಖಕಿಯ ಕಥೆಗಳನ್ನು ಹಂಚಿಕೊಂಡು ಅವರೊಬ್ಬರಿಗಾಗಿ ಅನುವಾದಿಸಿದರು. ದಕ್ಷಿಣ ಸುಡಾನ್ ಹುಟ್ಟಿ ಆಗಿನ್ನೂ ವರ್ಷ ತುಂಬಿರಲಿಲ್ಲ, ಅಲ್ಲಿ ರಸ್ತೆ, ಆಸ್ಪತ್ರೆಗಳೇ ಆಗಬೇಕಿತ್ತು. ಜೂಲಿಯಾ ಡುವಾನಿ ಎಂಬವರು ಈ ಓದಿಗೆಂದೇ ಒಂದು ಕಥೆ ಬರೆದುಕೊಟ್ಟರು. ಭಾರತದಿಂದ ಮಾರ್ಗನ್ ಓದಿದ್ದು ಎಂ.ಟಿ. ವಾಸುದೇವನ್ ನಾಯರ್ ಅವರ 'ಕಾಲಂ', ಮಲಯಾಳದ್ದು. ಇಡೀ ಭಾರತಕ್ಕೆ ಒಂದೇ ಪುಸ್ತಕ ಎಂದಾಗ ಕನ್ನಡಿಗರಿಗೆ ಸ್ವಲ್ಪ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ. ಆಗಿನ್ನೂ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ಬಂದಿರಲಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಹೊರಗಿನ ಇಂಥ ಎಷ್ಟೋ ಪಟ್ಟಿಗಳಲ್ಲಿ ಕನ್ನಡಕ್ಕೂ ಒಂದು ಸ್ಥಾನ ಸಿಗತೊಡಗಿದೆ.

ಪ್ರಪಂಚ ಸುತ್ತುವುದು ಹೆಚ್ಚಾಯಿತು ಎನ್ನುವವರು ಕನ್ನಡ ನಾಡನ್ನೇ ಸುತ್ತಬಹುದು. ಜಿಲ್ಲೆಗಳು 31, ವರ್ಷಕ್ಕೆ ಹೇಳಿ ಮಾಡಿಸಿದ ಲೆಕ್ಕ. ಕೊಡಗಿಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಇದೆ. ಧಾರವಾಡದ ಓಣಿಗಳಿಗೆ ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಮತ್ತು ಗಂಗಾಮಾಯಿ', ಕೃಷ್ಣಾ ತೀರದ ಹಳ್ಳಿಗೆ ರಾವಬಹಾದ್ದೂರರ 'ಗ್ರಾಮಾಯಣ', ಬಳ್ಳಾರಿಯ ಸೀಮೆಗೆ ಕುಂ. ವೀರಭದ್ರಪ್ಪನವರ 'ಅರಮನೆ', ಉಡುಪಿಯ ಕಡಲ ಬದಿಗೆ ಕಾರಂತರ 'ಮರಳಿ ಮಣ್ಣಿಗೆ'. ಜಿಲ್ಲೆಯ ಗಡಿಗೆ ನಿಲ್ಲಬೇಕೆಂದೂ ಇಲ್ಲ. ಕೇರಳಕ್ಕೆ ಸೇರಿದ ಕಾಸರಗೋಡಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇಲ್ಲದೆ ಪಟ್ಟಿ ಪೂರ್ತಿಯಾಗದು. ಮುಂಬಯಿಯ ಕನ್ನಡಕ್ಕೆ ಯಶವಂತ ಚಿತ್ತಾಲರ 'ಶಿಕಾರಿ', ವ್ಯಾಸರಾಯ ಬಲ್ಲಾಳರ 'ಬಂಡಾಯ', ಜಯಂತ ಕಾಯ್ಕಿಣಿಯವರ ಕಥೆಗಳು. ಕೆಲವು ಜಿಲ್ಲೆಗಳಿಗೆ ಪುಸ್ತಕಗಳ ರಾಶಿ, ಕೆಲವಕ್ಕೆ ಹುಡುಕಾಟ. ಶಿವಮೊಗ್ಗದವರು ಯಾವುದನ್ನು ಬಿಡಲಿ ಎಂದು ತಲೆ ಕೆಡಿಸಿಕೊಳ್ಳುವಾಗ ಇನ್ಯಾವುದೋ ಜಿಲ್ಲೆಯವರು ಊರಿನ ಗ್ರಂಥಪಾಲಕರನ್ನು ಕೇಳಿ, ಅವರು ಇನ್ನೊಬ್ಬ ನಿವೃತ್ತ ಮೇಷ್ಟ್ರನ್ನು ಕೇಳಿ, ಪ್ರತಿಗಳು ಮುಗಿದ ಯಾವುದೋ ಕಾದಂಬರಿಯ ಜೆರಾಕ್ಸ್ ಹಿಡಿದುಕೊಂಡು ಬರುತ್ತಾರೆ. ಗುಡ್‌ರೀಡ್ಸ್‌ನಲ್ಲಿ ಅಂಥ ಪುಸ್ತಕಕ್ಕೆ ಪುಟವೇ ಇರುವುದಿಲ್ಲ. ಇದ್ದರೂ ಮುಖಪುಟದ ಚಿತ್ರವಿಲ್ಲ, ಹೆಸರು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ. ಆ ವಿವರಗಳನ್ನು ತುಂಬುವವರೂ ಸ್ವಯಂಸೇವಕರೇ, ಆದ್ದರಿಂದ ದೂರುವ ಬದಲು ಕುಳಿತು ತುಂಬಿಬಿಡುವುದು ಒಳ್ಳೆಯದು.

ಮಕ್ಕಳಿಗೆ ಪಣ ಕಟ್ಟಬಹುದೇ ಎಂದು ಕೇಳುವ ತಂದೆತಾಯಿಗಳು ಬಹಳ. ಇಲ್ಲಿ ಮಾತ್ರ ಅಂಕಣಕಾರ್ತಿ ಸ್ವಲ್ಪ ತಡೆದು ಉತ್ತರ ಕೊಡುತ್ತಾಳೆ. ಅಮೆರಿಕದಲ್ಲಿ ಪಿಜ್ಜಾ ಹಟ್ 1980ರ ದಶಕದಿಂದ 'ಬುಕ್ ಇಟ್' ಎಂಬ ಯೋಜನೆ ನಡೆಸುತ್ತಿದೆ. ತಿಂಗಳ ಗುರಿ ಮುಟ್ಟಿದ ಮಗುವಿಗೆ ಪುಟ್ಟ ಪಿಜ್ಜಾ ಉಚಿತ. ಆಗ ಓದಿದವರು ಈಗಲೂ ಪ್ರೀತಿಯಿಂದ ನೆನೆಯುವುದು ಪಿಜ್ಜಾವನ್ನೋ ಪುಸ್ತಕವನ್ನೋ ಹೇಳುವುದು ಕಷ್ಟ. ಅದಕ್ಕೂ ಮೊದಲೇ, 1973ರಲ್ಲಿ, ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ನಡೆಸಿದ ಪ್ರಯೋಗ ಹೆಸರಾಗಿದೆ. ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿದರು. ಕೆಲವರಿಗೆ, ಬರೆದರೆ ರಿಬ್ಬನ್ ಹಚ್ಚಿದ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲವರಿಗೆ ಬರೆದಾದ ಮೇಲೆ ಅನಿರೀಕ್ಷಿತವಾಗಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಯಾವ ಬಹುಮಾನವೂ ಇಲ್ಲದೆ ಪೆನ್ನುಗಳನ್ನು ಮೇಜಿನ ಮೇಲೆ ಹರಡಿ ದೂರದಿಂದ ನೋಡಿದರು. ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಅನಿರೀಕ್ಷಿತವಾಗಿ ಬಹುಮಾನ ಸಿಕ್ಕವರಿಗೆ ಹಾಗೇನೂ ಆಗಿರಲಿಲ್ಲ. ಪ್ರಯೋಗ ನಡೆದದ್ದು ಚಿತ್ರದ ಮೇಲೆ, ಓದಿನ ಮೇಲಲ್ಲ. ಆದರೂ ಪುಸ್ತಕಕ್ಕೊಂದು ಚಾಕೊಲೇಟ್ ಎಂದು ದರ ನಿಗದಿ ಮಾಡುವ ಮೊದಲು, ಮಗು ಈಗಾಗಲೇ ತಾನಾಗಿ ಓದುತ್ತಿದೆಯೇ ಎಂದು ನೋಡಿಕೊಳ್ಳುವುದು ಮೇಲು.

ಬ್ರಿಟನ್‌ನ ಗ್ರಂಥಾಲಯಗಳಲ್ಲಿ 1999ರಿಂದ ಬೇಸಿಗೆ ರಜೆಯ ಓದಿನ ಪಣ ನಡೆಯುತ್ತಿದೆ. ಗುರಿ ಆರೇ ಪುಸ್ತಕ, ಯಾವುದನ್ನು ಓದಬೇಕೆಂದು ಮಗುವೇ ಆರಿಸುತ್ತದೆ. ದುಬೈನ ದೊರೆ 2015ರಲ್ಲಿ ಆರಂಭಿಸಿದ ಅರಬ್ ಓದಿನ ಪಣದಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ ಐವತ್ತು ಪುಸ್ತಕ ಓದಿ ಪ್ರತಿಯೊಂದರ ಸಾರಾಂಶ ಬರೆಯಬೇಕು. ಅಂಕಣಕಾರ್ತಿಯ ಮತ ಆರರ ಕಡೆಗೆ. ಕರ್ನಾಟಕದಲ್ಲಿ 2020ರ ಮಕ್ಕಳ ದಿನದಂದು 'ಓದುವ ಬೆಳಕು' ಯೋಜನೆ ಶುರುವಾದಾಗ ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಗ್ರಾಮ ಪಂಚಾಯಿತಿ 
ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕ ಮನೆಗೆ ಒಯ್ಯಲು ಬಿಟ್ಟರು. ಅಲ್ಲಿ ಯಾವ ಗುರಿಯೂ ಇರಲಿಲ್ಲ. ಮಕ್ಕಳು ಬಂದರು, ಸಾಲಿನಲ್ಲಿ ನಿಂತು ಹೆಸರು ಬರೆಸಿದರು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿ ಮಾತಿಲ್ಲದೆ ಕುಳಿತು ಓದುವ ದೊಡ್ಡವರ ಕೂಟದಲ್ಲೂ ಅಷ್ಟೇ, ಯಾರು ಎಷ್ಟು ಪುಟ ಮುಗಿಸಿದರೆಂದು ಯಾರೂ ಕೇಳುವುದಿಲ್ಲ.

ಇನ್ನು ಪತ್ರಗಳಲ್ಲಿನ ಚಿಲ್ಲರೆ ಪ್ರಶ್ನೆಗಳು. ಕೇಳಿದ ಪುಸ್ತಕ ಖಂಡಿತ ಲೆಕ್ಕಕ್ಕೆ ಬರುತ್ತದೆ. ಮೈಲ್ಯಾಂಗ್‌ನಂಥ ಕಡೆ ಕನ್ನಡದ ಆಡಿಯೊ ಪುಸ್ತಕಗಳು ಸಿಗುತ್ತವೆ, ಕಣ್ಣು ಮಂಜಾದ ಹಿರಿಯರಿಗೆ ಅದೊಂದು ವರ. ಮರು ಓದು ಕೂಡ ಓದೇ. ಅರ್ಧಕ್ಕೆ ಬಿಟ್ಟದ್ದರ ಬಗ್ಗೆ ಫ್ರಾನ್ಸಿನ ಮೇಷ್ಟ್ರು, ಕಾದಂಬರಿಕಾರ ಡೇನಿಯಲ್ ಪೆನಾಕ್ 1992ರಲ್ಲೇ ತೀರ್ಪು ಕೊಟ್ಟಿದ್ದಾರೆ. ಓದುಗರಿಗೆ ಹತ್ತು ಹಕ್ಕುಗಳಿವೆ ಎಂದು ಅವರು ಪಟ್ಟಿ ಮಾಡಿದರು. ಅದರಲ್ಲಿ ಮೊದಲನೆಯದೇ ಓದದಿರುವ ಹಕ್ಕು, ಎರಡನೆಯದು ಪುಟ ಹಾರಿಸುವ ಹಕ್ಕು, ಮೂರನೆಯದು ಮುಗಿಸದಿರುವ ಹಕ್ಕು. ಪಣ ತೊಟ್ಟವರು ಈ ಮೂರನೆಯದನ್ನೇ ಮೊದಲು ಕಳೆದುಕೊಳ್ಳುತ್ತಾರೆ. ಇನ್ನೂರು ಪುಟ ಓದಿಯಾಗಿದೆ, ಈಗ ಬಿಟ್ಟರೆ ಲೆಕ್ಕಕ್ಕಿಲ್ಲ ಎಂದು ಹಲ್ಲು ಕಚ್ಚಿ ಮುಗಿಸುತ್ತಾರೆ, ಆಮೇಲೆ ಎರಡು ವಾರ ಯಾವ ಪುಸ್ತಕವನ್ನೂ ಮುಟ್ಟುವುದಿಲ್ಲ. ಪುಟದ ಲೆಕ್ಕ ಇಡುವವರಿಗೆ ಈ ತಾಪತ್ರಯವೂ ಇಲ್ಲ, ಬಿಟ್ಟ ಪುಸ್ತಕದ ಇನ್ನೂರು ಪುಟವೂ ಅವರ ಖಾತೆಯಲ್ಲೇ ಇರುತ್ತದೆ.

ಜನವರಿ ಕಳೆದುಹೋಯಿತಲ್ಲ ಎಂದು ಕೊರಗುವವರಿಗೆ ಯುಗಾದಿಯಿದೆ, ಅದೂ ತಪ್ಪಿದರೆ ಹುಟ್ಟುಹಬ್ಬ. ದಪ್ಪ ಪುಸ್ತಕಗಳ ಬೆಲೆ ನೋಡಿ ಹಿಂಜರಿಯುವವರು ನವೆಂಬರ್‌ವರೆಗೆ ಕಾಯಬಹುದು, ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರವೂ ಹಲವು ಪ್ರಕಾಶಕರೂ ರಿಯಾಯಿತಿ ಕೊಡುತ್ತಾರೆ. ಅಷ್ಟು ದಿನ ಕಾಯಲಾಗದವರು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಎಂದು ಶೇ 6ರಷ್ಟು ಕೊಡುತ್ತಲೇ ಬಂದವರು ಒಮ್ಮೆಯಾದರೂ ಒಳಗೆ ಕಾಲಿಟ್ಟು ನೋಡಬೇಡವೇ? ಮೊದಲು ಯಾವುದನ್ನು ತರಲಿ ಎಂದರೆ, ಕುವೆಂಪು ಅವರ ದೊಡ್ಡ ಕಾದಂಬರಿಯನ್ನು ಜೂನ್‌ಗೆ ಇಟ್ಟುಕೊಳ್ಳಿ ಎನ್ನುವುದು ಅಂಕಣಕಾರ್ತಿಯ ಸಲಹೆ. ಹೊರಗೆ ಮಳೆ ಹಿಡಿದಿರುವಾಗ ಅದರ ಇಂಬಳ, ಕೆಸರು, ಕಾಡುದಾರಿಗಳ ಪುಟಗಳು ದಿನಕ್ಕೆ ಇಪ್ಪತ್ತರ ಮಿತಿಯನ್ನು ಮೀರಿಸಿ ಓದಿಸಿಕೊಳ್ಳುತ್ತವೆ. ಬೇಸಿಗೆಯ ಸೆಕೆಗೆ 'ಮುದ್ರಾಮಂಜೂಷ' ಸಾಕು.